ಮುಳ್ಳುಹಂದಿಯ ಮೊಟ್ಟೆ

ಗಂಗಾಧರಪ್ಪನಿಗೆ ಬದನೆಕಾಯಿ ಆಗುತ್ತದೋ ಇಲ್ಲವೋ ಎಂದು ಸರ್ವಮಂಗಳ ಒಳಗಿನಿಂದ ಮತ್ತೆ ಕೇಳಿದಾಗ ಓಬಳೇಶಪ್ಪ ಗಲ್ಲಕ್ಕೆಲ್ಲ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಕೇಳಿಸಲಿಲ್ಲವೆನ್ನುವಂತೆ ಬ್ಲೇಡು ಆಡಿಸಿದ. ಇಷ್ಟು ವರ್ಷ ಸಂಸಾರ ಮಾಡಿದರೂ ತನಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಅವಳು ಒಂದು ದಿನ ಕೇಳಿದವಳಲ್ಲ. ತಟ್ಟೆಗೆ ಬಿದ್ದದ್ದನ್ನು ಉಂಡು ಏಳುವ ಪ್ರಾಣಿ ಎಂದು ಮದುವೆಯಾದ ಮೊದಲ ತಿಂಗಳಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಈಗ ನೋಡಿದರೆ ಕೋಳಿ ಕೂಗುವ ಮುಂಚೆ ಎದ್ದು ಬೇಳೆ ಬೇಯಿಸಿ ಹೂರಣ ರುಬ್ಬಿಟ್ಟಿದ್ದಾಳೆ, ಹಜಾರದ ಕುರ್ಚಿಗೆ ಒಗೆದ ಟವೆಲ್ಲು ಹೊದಿಸಿದ್ದಾಳೆ, ಪೆಟ್ಟಿಗೆಯ ತಳದಿಂದ ಇಳಕಲ್ ಸೀರೆ ತೆಗೆದು ಹೊರಗೆ ಹಗ್ಗದ ಮೇಲೆ ಗಾಳಿಗೆ ಹಾಕಿದ್ದಾಳೆ. ಅದರ ನುಸಿಗುಳಿಗೆಯ ವಾಸನೆ ಕನ್ನಡಿಯ ತನಕ ಬರುತ್ತಿತ್ತು. ಅವನು ತಾಳ್ಯದವನು ಕಣೆ, ವಿಲಾಯಿತಿಯವನಲ್ಲ, ಮುದ್ದೆ ಮುರಿದು ಹಾಕಿದರೆ ಬೆರಳು ನೆಕ್ಕಿಕೊಂಡು ಉಣ್ಣುತ್ತಾನೆ ಎಂದ. ತಮಾಷೆಯಾಗಿ ಹೊರಡಬೇಕಾಗಿದ್ದ ಮಾತು ಹುಳಿಯಾಗಿ ಹೊರಟಿತು. ಬದನೆಕಾಯಿ ಹೆಚ್ಚುವ ಸದ್ದು ಮಾತ್ರ ಕೇಳಿಸಿತು. ಅಂದರೆ ಕೇಳಿದ್ದು ಸುಮ್ಮನೆ. ಮಾಡುವುದೆಂದು ಮೊದಲೇ ತೀರ್ಮಾನಿಸಿದ್ದಳು.

ಹೊಟ್ಟೆಕಿಚ್ಚು ಎನ್ನುವುದನ್ನು ಅವನು ಬೇರೆ ಹೆಸರಿನಿಂದ ಕರೆದುಕೊಳ್ಳುವ ಕಾಲ ಎಂದೋ ಮುಗಿದಿತ್ತು. ಮುಂಬಯಿಯ ದೊಡ್ಡ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡುವ, ನಡುವೆ ಎರಡು ವರ್ಷ ಇಂಗ್ಲೆಂಡಿಗೂ ಹೋಗಿಬಂದ ಗಂಗಾಧರಪ್ಪನ ಹೆಸರು ಪೇಪರಿನಲ್ಲಿ ಬಂದ ದಿನ ಹೊಟ್ಟೆಯೊಳಗೆ ನಿಜವಾಗಿಯೂ ಉರಿ ಎದ್ದು, ಔಷಧಿ ಅಂಗಡಿಯಿಂದ ಸೋಡದ ಪುಡಿ ತಂದು ನೀರಿಗೆ ಹಾಕಿಕೊಂಡು ಕುಡಿದಿದ್ದ. ಇದು ಬರಿಯ ಹೊಟ್ಟೆಕಿಚ್ಚಾಗಿದ್ದರೆ ಸೋಡಕ್ಕೆ ಇಳಿಯುತ್ತಿತ್ತು. ಆದರೆ ಗಂಗಾಧರಪ್ಪ ಯಾವ ಪ್ರಶ್ನೆ ಹಿಡಿದುಕೊಂಡು ಇಷ್ಟು ದೂರ ಹೋದನೋ ಆ ಪ್ರಶ್ನೆ ತನ್ನದು. ಬಿ.ಎಸ್ಸಿ. ಓದುವಾಗ ತನ್ನ ಬಾಯಿಂದ ಬಿದ್ದದ್ದು. ಇದನ್ನು ಮದುವೆಯಾದ ಹೊಸದರಲ್ಲಿ ಸರ್ವಮಂಗಳಳಿಗೆ ಹೇಳಿದ್ದ. ಅವಳು ಹೌದೇನು ಎಂದು ಮಗ್ಗುಲು ಬದಲಿಸಿದ್ದಳು. ಆಮೇಲೊಮ್ಮೆ ಯಾವುದೋ ಜಗಳದ ನಡುವೆ ಮತ್ತೆ ಹೇಳಿದಾಗ ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ತಲೆಯೆತ್ತಿ, 'ಒಂದು ಮಾತು ಕೇಳಿದ್ದಕ್ಕೇ ಮನುಷ್ಯ ಅಷ್ಟು ದೊಡ್ಡೋನಾಗೋದಾದ್ರೆ, ಕೇಳಿದ ನೀವ್ಯಾಕ್ರಿ ಆಗ್ಲಿಲ್ಲ?' ಎಂದಿದ್ದಳು. ಕೊಂಕಾಗಿ ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಅವತ್ತಿನಿಂದ ಅವನು ಆ ಮಾತು ಎತ್ತಿರಲಿಲ್ಲ. ಇವತ್ತು ತಾನೇ ಒತ್ತಾಯ ಮಾಡಿ, ನಮ್ಮ ಕಾಲೇಜಿಗೆ ಬಾ, ಅವನ ಭಾಷಣ ಕೇಳು, ಹೆಂಗಸರಿಗೆ ಬೇರೆ ಬೆಂಚು ಇದೆ ಎಂದು ಕರೆದಿದ್ದ. ಗಂಗಾಧರನೇ ಸಭೆಯಲ್ಲಿ ನಿಂತು ತನ್ನ ಹೆಸರು ಹೇಳಬೇಕು, ಅವಳ ಕಿವಿಗೆ ಅದು ಬೀಳಬೇಕು. ಅಷ್ಟು ಆದರೆ ಸಾಕು, ಮುಂಬಯಿಯನ್ನೂ ಇಂಗ್ಲೆಂಡನ್ನೂ ಅವನಿಗೇ ಬಿಟ್ಟುಕೊಡಲು ಓಬಳೇಶಪ್ಪ ಸಿದ್ಧನಿದ್ದ.

ಸಂತೆಹೊಂಡದ ಪಕ್ಕದಲ್ಲಿ ಹಾದು ಕಾಲೇಜಿನ ಕಡೆ ನಡೆಯುವಾಗ ಬಿಸಿಲು ಆಗಲೇ ಕೋಟೆಯ ಬಂಡೆಗಳಿಗೆ ಹತ್ತಿತ್ತು. ಚುನಾವಣೆ ಮುಗಿದು ತಿಂಗಳಾದರೂ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದ ಹೆಸರುಗಳು ಹಾಗೇ ಇದ್ದವು, ಗೆದ್ದವರದೂ ಸೋತವರದೂ ಒಂದೇ ದಪ್ಪದ ಅಕ್ಷರ. ಆ ಸುಣ್ಣ ನೋಡಿ ಓದುವ ದಿನಗಳ ಒಂದು ಬೆಳಿಗ್ಗೆ ನೆನಪಾಯಿತು: ಕಪ್ಪೆಯ ಎದೆ ಸೀಳಿ ಹೃದಯವನ್ನು ಗಾಜಿನ ಬಟ್ಟಲಿಗೆ ಹಾಕಿ ಮೇಷ್ಟ್ರು ತೋರಿಸುತ್ತಿದ್ದಾರೆ. ದಾವಣಗೆರೆಯ ಕಾಲೇಜಿನ ಪ್ರಾಕ್ಟಿಕಲ್ ಕೋಣೆ, ಫಾರ್ಮಲಿನ್ನಿನ ವಾಸನೆ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇಲ್ಲದ ಉಪ್ಪುನೀರಿನಲ್ಲಿ ಹೃದಯ ನಿಂತುಹೋಗುತ್ತದೆ. ಒಂದಿಷ್ಟು ಬೆರೆಸಿದರೆ ಮತ್ತೆ ಬಡಿಯುತ್ತದೆ. ಸುಣ್ಣ ಗೋಡೆಗೆ ಹೇಗೆ ಬಲವೋ ಹೃದಯಕ್ಕೂ ಹಾಗೇ ಬಲ, ಬರೆದುಕೊಳ್ಳಿ ಎಂದರು ಮೇಷ್ಟ್ರು. ಎಲ್ಲರೂ ಬರೆದುಕೊಂಡರು, ಓಬಳೇಶಪ್ಪನೂ ಬರೆದುಕೊಂಡ. ಆ ಭಾನುವಾರ ಗಂಗಾಧರ ತಾಳ್ಯದಿಂದ ಇವನ ಊರಾದ ರಾಮಗಿರಿಗೆ ಬಂದಿದ್ದ, ಇಬ್ಬರೂ ಕೂಡಿ ಸಂಜೆಯ ರೈಲಿಗೆ ಹೊರಡುವುದೆಂದು. ರೈಲು ಎಂದಿನಂತೆ ತಡ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಹುರಿದ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದಾಗ ಓಬಳೇಶಪ್ಪ ಇದ್ದಕ್ಕಿದ್ದಂತೆ, 'ಅದು ಬಿಗೀತೈತೆ, ಸಡ್ಲ ಆಗ್ತೈತೆ. ಸುಣ್ಣ ಬರೇ ಬಲಕ್ಕೇ ಆಗಿದ್ರೆ ಬಿಗಿದದ್ದು ಬಿಗಿದಂಗೇ ಇರ್ಬೇಕಿತ್ತಲ್ಲೋ. ಬಡಿತಕ್ಕೊಂದ್ಸಲ ಬಂದು ಹೋಗ್ತೈತೆ ಅಂದ್ರೆ ಅದು ಗಾರೆ ಕೆಲಸಕ್ಕೆ ಬಂದದ್ದಲ್ಲ ಕಣ್ಲೇ, ಸುದ್ದಿ ಹೇಳಾಕೆ ಬಂದದ್ದು' ಎಂದ. ಗಂಗಾಧರ ಬಾಯಲ್ಲಿದ್ದ ಕಾಳು ಅಗಿಯುವುದನ್ನು ನಿಲ್ಲಿಸಿ, ಯಾರಿಗೆ ಸುದ್ದಿ ಎಂದು ಕೇಳಿದ. ಅದು ಗೊತ್ತಿಲ್ಲ ಎಂದು ಇವನು ನಕ್ಕುಬಿಟ್ಟ. ರೈಲು ಬಂತು. ಓಬಳೇಶಪ್ಪ ಆ ಮಾತನ್ನು ಸಿಪ್ಪೆಯ ಜೊತೆ ಬೆಂಚಿನ ಮೇಲೆ ಬಿಟ್ಟು ಹತ್ತಿದ, ಗಂಗಾಧರ ಅದನ್ನು ಹತ್ತಿಸಿಕೊಂಡು ಹೋದ.

ಹಾಗೆ ನೋಡಿದರೆ ಆ ಪ್ರಶ್ನೆಯನ್ನು ದೂರದ ದೇಶಗಳಲ್ಲಿ ಯಾರುಯಾರೋ ಆಗಲೇ ಕೇಳಿದ್ದರು, ಉತ್ತರಕ್ಕೂ ಕೈಹಾಕಿದ್ದರು. ಎಷ್ಟೋ ವರ್ಷಗಳ ಮೇಲೆ ಪುಸ್ತಕವೊಂದರಲ್ಲಿ ಅದನ್ನು ಓದಿದಾಗ, ರಾಮಗಿರಿಯ ಹುಡುಗನೊಬ್ಬ ತನ್ನಷ್ಟಕ್ಕೆ ಅಲ್ಲಿಗೆ ಮುಟ್ಟಿದ್ದನಲ್ಲ ಎಂದು ಅವನು ಖುಷಿಪಡಬಹುದಿತ್ತು. ಅದರ ಬದಲು ಹೆಸರು ಕೇಳಿರದ ಆ ಬಿಳಿಯರ ಮೇಲೂ ಹೊಟ್ಟೆಕಿಚ್ಚು ಬಂತು. ಮುಂಬಯಿಗೆ ಒಬ್ಬರನ್ನು ಶಿಫಾರಸು ಮಾಡಬೇಕಾಗಿ ಬಂದಾಗ ಮೇಷ್ಟ್ರು ಗಂಗಾಧರನ ಹೆಸರು ಕಳಿಸಿದರು. ಓಬಳೇಶಪ್ಪನಿಗೆ, ನಿನ್ನ ಮಾತು ಚೆನ್ನಾಗಿದೆ, ನೀನು ಪಾಠ ಮಾಡು ಎಂದರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಮಾತು ಚೆನ್ನಾಗಿದೆ ಎನ್ನುವುದು ಹೊಗಳಿಕೆಯಲ್ಲ, ಕೆಲಸ ಆಗುವುದಿಲ್ಲ ಎನ್ನುವುದರ ಇನ್ನೊಂದು ಹೆಸರು ಎಂದು ತಿಳಿಯಲು ಅವನಿಗೆ ಬಹಳ ಕಾಲ ಹಿಡಿಯಿತು.

ಜೀಪಿನಿಂದ ಇಳಿದ ಗಂಗಾಧರಪ್ಪ ಮೈಕೈ ತುಂಬಿಕೊಂಡಿದ್ದ, ಆದರೆ ನಡಿಗೆ ಮಾತ್ರ ಕುರಿ ಹಿಂಡಿನ ಹಿಂದೆ ನಡೆಯುವವರ ಅದೇ ಬೀಸುಗಾಲು. 'ಏನ್ಲೇ ಓಬಳೇಶ' ಎಂದು ಎಲ್ಲರೆದುರಿಗೆ ಹೆಗಲ ಮೇಲೆ ಕೈ ಹಾಕಿದ. ಹುಡುಗರ ಮುಂದೆ ತನ್ನ ಮೇಷ್ಟ್ರುತನ ಒಂದು ಮೆಟ್ಟಿಲು ಕೆಳಗಿಳಿದಂತಾಗಿ ಓಬಳೇಶಪ್ಪ, ಬರ್ರಿ ಡಾಕ್ಟ್ರೇ ಎಂದ. ಪ್ರಿನ್ಸಿಪಾಲರು ಹಾರ ಹಾಕಿ, ತಮಗೆ ಜಿಲ್ಲಾ ಕಚೇರಿಯಲ್ಲಿ ತುರ್ತು ಸಭೆಯಿದೆ ಎಂದು ಹೊರಡುವ ಅವಸರದಲ್ಲೇ, ನಮ್ಮ ಹುಡುಗರಿಗೆ ಇಂಗ್ಲಿಷು ಕಷ್ಟ, ತಾವು ಕನ್ನಡದಲ್ಲೇ ಹೇಳಿದರೆ ಚೆನ್ನ ಎಂದರು. ಗಂಗಾಧರಪ್ಪನ ಮುಖ ಸಪ್ಪಗಾಯಿತು. ಊಟ, ಜಗಳ, ಅಳು ಎಲ್ಲ ಕನ್ನಡದಲ್ಲೇ ಬರುತ್ತವೆ, ಈ ಕೆಲಸವೊಂದು ಮಾತ್ರ ಇಂಗ್ಲಿಷಿನಲ್ಲೇ ಹುಟ್ಟಿ ಇಂಗ್ಲಿಷಿನಲ್ಲೇ ಬೆಳೆಯಿತು, ಹುಡುಗರೆದುರು ತೊದಲಿದರೆ ನಾಚಿಕೆ ಎಂದ. ಆಮೇಲೆ ಇವನ ಕಡೆ ತಿರುಗಿ, ನಾನು ಒಂದೊಂದೇ ವಾಕ್ಯ ಹೇಳುತ್ತೇನೆ, ನೀನು ಕನ್ನಡ ಮಾಡು ಎಂದ. ಬೇಡವೆನ್ನಲು ಓಬಳೇಶಪ್ಪನಿಗೆ ಕಾರಣ ಹೊಳೆಯಲಿಲ್ಲ. ಮಾತು ಚೆನ್ನಾಗಿರುವವನಿಗೆ ಕೊನೆಗೂ ಮಾತಿನ ಕೆಲಸವೇ ಸಿಕ್ಕಿತು.

ಮೊದಲನೆಯ ವಾಕ್ಯದಲ್ಲೇ ಎಡವಿದ. ಗಂಗಾಧರಪ್ಪ ಇಂಗ್ಲಿಷಿನಲ್ಲಿ ನಾನು ಎಂದಾಗ ಕನ್ನಡದಲ್ಲಿ ಏನೆನ್ನಬೇಕು? ಅವರು ಹೀಗೆ ಹೇಳುತ್ತಾರೆ ಎಂದು ಶುರುಮಾಡಿದರೆ ಪ್ರತಿ ಮಾತಿಗೂ ಅವರು ಅವರು ಎಂದು ಬಾಗಬೇಕು, ಇಡೀ ಬೆಳಿಗ್ಗೆ ಬಾಗಿಕೊಂಡೇ ನಿಲ್ಲಬೇಕು. ನಾನು ಎಂದೇ ಅನುವಾದಿಸುವುದು ರೂಢಿ, ಅದೇ ಸರಿ ಎಂದುಕೊಂಡು ಮೈಕಿನ ಮುಂದೆ, ನಾನು ಈ ಜಿಲ್ಲೆಯವನು, ತಾಳ್ಯದ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದೆ ಎಂದ. ಹುಡುಗರು ಕಿಸಕ್ಕೆಂದರು. ಹೆಂಗಸರ ಬೆಂಚಿನ ತುದಿಯಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು ಕಾಣಿಸುತ್ತಿತ್ತು. ನಾನು ಮುಂಬಯಿಗೆ ಹೋದೆ. ನಾನು ಇಂಗ್ಲೆಂಡಿಗೆ ಹೋದೆ. ಹೇಳುತ್ತ ಹೇಳುತ್ತ ನಾಲಿಗೆಗೆ ಒಂದು ಬಗೆಯ ಸುಖ ಹತ್ತತೊಡಗಿತು, ಮತ್ತು ಸುಖದ ಹಿಂದೆಯೇ ಉರಿ. ಇದು ತಾನು ನಿಜವಾಗಿಯೂ ಹೇಳಬಹುದಾಗಿದ್ದ ಮಾತು. ಈಗ ಬಾಡಿಗೆ ಕೋಟು ತೊಟ್ಟಂತೆ ತೊಟ್ಟಿದ್ದೇನೆ, ಸಭೆ ಮುಗಿದ ಕೂಡಲೇ ಬಿಚ್ಚಿ ಕೊಡಬೇಕು.

ಆ ಉರಿಯಲ್ಲೇ ಮೊದಲ ಕಿಡಿಗೇಡಿತನ ನಡೆಯಿತು. ಕಡಲ ದಂಡೆಯ ಪ್ರಯೋಗಶಾಲೆಯಲ್ಲಿ ಎರಡು ವರ್ಷ ಒಂದು ಬಗೆಯ ಮುಳ್ಳುಮೈಯ ಕಡಲಪ್ರಾಣಿಯ ಮೊಟ್ಟೆಗಳ ಮೇಲೆ ಕೆಲಸ ಮಾಡಿದೆ ಎಂದು ಗಂಗಾಧರಪ್ಪ ಹೇಳಿದ. ಅದು ಲಿಂಬೆಹಣ್ಣಿನಷ್ಟು ದಪ್ಪದ, ಮೈಯೆಲ್ಲ ಮುಳ್ಳಿನ ಪ್ರಾಣಿ ಎಂದು ಓಬಳೇಶಪ್ಪನಿಗೆ ಚೆನ್ನಾಗಿ ಗೊತ್ತಿತ್ತು, ವರ್ಷ ವರ್ಷ ಅದರ ಚಿತ್ರ ಬರೆದು ಪಾಠ ಮಾಡುತ್ತಿದ್ದ. ಆದರೂ, 'ಸರ್ಕಾರದ ಸಂಬಳ ತಿಂದುಕೊಂಡು ನಾನು ಎರಡು ವರ್ಷ ಸಮುದ್ರದ ದಂಡೆಯಲ್ಲಿ ಕೂತು ಮುಳ್ಳುಹಂದಿಯ ಮೊಟ್ಟೆ ನೋಡಿದೆ' ಎಂದುಬಿಟ್ಟ. ಮುಳ್ಳುಹಂದಿ ಮೊಟ್ಟೆಯಿಡುವುದಿಲ್ಲ ಎಂದು ಹೊಲಕ್ಕೆ ಹೋದ ಯಾವ ಹುಡುಗನಿಗೂ ಗೊತ್ತು. ಸಭೆ ಹೋ ಎಂದು ನಕ್ಕಿತು. ಗಂಗಾಧರಪ್ಪ ಒಂದು ಗಳಿಗೆ ಇವನ ಕಡೆ ನೋಡಿ ತಾನೂ ಮುಗುಳ್ನಕ್ಕ. ಅವನಿಗೆ ಕನ್ನಡ ಬರುವುದಿಲ್ಲವೇ, ಎಲ್ಲವೂ ತಿಳಿಯುತ್ತಿತ್ತು. ಆ ಮುಗುಳ್ನಗೆಯೇ ಓಬಳೇಶಪ್ಪನನ್ನು ಇನ್ನಷ್ಟು ಕೆಣಕಿತು. ಸಿಟ್ಟಾದರೂ ಆಗಬಾರದೇ? ಆನೆ ನಡೆಯುವಾಗ ನಾಯಿ ಬೊಗಳಿದರೆ ಆನೆ ತಿರುಗಿ ನೋಡುವುದಿಲ್ಲವಂತೆ. ತಾನು ನಾಯಿಯಾದೆನೇ ಎಂದುಕೊಂಡು ಇನ್ನೂ ಜೋರಾಗಿ ಬೊಗಳಿದ. ಜೀವಕೋಶದ ಹೊರಗೆ ಸುಣ್ಣ ಬೇಕಾದಷ್ಟಿದೆ, ಒಳಗೆ ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಹೊರಗೇ ಇಡುವುದಕ್ಕೆ ಕೋಶ ಬಹಳ ದುಡಿಯುತ್ತದೆ ಎಂದು ಗಂಗಾಧರಪ್ಪ ಅಂದದ್ದನ್ನು, ಪದೇ ಪದೇ ಬರುವ ಅಳಿಯನನ್ನು ಅತ್ತೆ ಹೊಸಲಾಚೆಯೇ ಮಾತಾಡಿಸಿ ಕಳಿಸುವಂತೆ ಎಂದು ಮಾಡಿದ. ಇಂಥ ಪ್ರಯೋಗಕ್ಕೆ ಬಹಳ ಬೆಲೆಯ ಯಂತ್ರಗಳು ಬೇಕು ಎಂದದ್ದಕ್ಕೆ, 'ನಿಮ್ಮ ಮೇಷ್ಟ್ರು ಓಬಳೇಶಪ್ಪ ನನಗಿಂತ ಬುದ್ಧಿವಂತರು. ಅವರಿಗೆ ಒಂದು ಕಪ್ಪೆ ಕೊಡಿಸಿ ಸಾಕು, ಇದನ್ನೆಲ್ಲ ಇಲ್ಲೇ ಮಾಡಿ ತೋರಿಸುತ್ತಾರೆ' ಎಂದು ಸೇರಿಸಿದ. ಹಿಂದಿನ ಬೆಂಚುಗಳು ನೆಲಕ್ಕೆ ಕಾಲು ಬಡಿದವು. ಸರ್ವಮಂಗಳ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು.

ಆಮೇಲೆ ಏನಾಯಿತೋ, ಗಂಗಾಧರಪ್ಪ ತನ್ನ ಕಾಗದಗಳನ್ನು ನೋಡುವುದನ್ನು ಬಿಟ್ಟು ಮಾತಾಡತೊಡಗಿದ. ಸುಣ್ಣ ಒಳಗಿರುವುದು ಕಡಿಮೆಯಾದ್ದರಿಂದಲೇ ಅದು ಸುದ್ದಿಯಾಗಬಲ್ಲದು ಎಂದ. ಸದಾ ಗಲಾಟೆಯಿರುವ ಮನೆಯಲ್ಲಿ ಬಾಗಿಲು ಬಡಿದರೆ ಯಾರಿಗೆ ಕೇಳುತ್ತದೆ ಎಂದು ಓಬಳೇಶಪ್ಪ ಅದಕ್ಕೊಂದು ಮಾತು ಜೋಡಿಸಿದ. ಇದು ತಮಾಷೆಯಾಗಿರಲಿಲ್ಲ, ಯಾರೂ ನಗಲಿಲ್ಲ. ಕೋಶದ ಬಾಗಿಲು ಒಂದು ಕ್ಷಣ ತೆರೆದು ಸುಣ್ಣ ಒಳನುಗ್ಗುತ್ತದೆ, ಇಲ್ಲವೇ ಒಳಗೇ ಗುಟ್ಟಾಗಿ ಕೂಡಿಟ್ಟ ಕಣಜದಿಂದ ಹೊರಚೆಲ್ಲುತ್ತದೆ. ಸುದ್ದಿ ಒಂದೇ, ಕೇಳಿದವರು ಮಾಡುವುದು ಬೇರೆ ಬೇರೆ. ಮಾಂಸಖಂಡ ಕೇಳಿದರೆ ಬಿಗಿಯುತ್ತದೆ. ಗ್ರಂಥಿ ಕೇಳಿದರೆ ರಸ ಸುರಿಸುತ್ತದೆ. ಮೊಟ್ಟೆ ಕೇಳಿದರೆ ನಿದ್ದೆಯಿಂದ ಎದ್ದು ಎರಡಾಗಿ ನಾಲ್ಕಾಗಿ ಒಡೆಯತೊಡಗುತ್ತದೆ, ಗಂಡಿನ ಸಂಪರ್ಕವಿಲ್ಲದೆ ಸುಣ್ಣದ ಬಾಗಿಲನ್ನಷ್ಟೇ ಔಷಧಿಯಿಂದ ತೆರೆದರೂ ಏಳುತ್ತದೆ. ಮತ್ತು ಸುದ್ದಿ ಮುಟ್ಟಿದ ಕೂಡಲೇ ಕೋಶ ಆ ಸುಣ್ಣವನ್ನು ಹೊರಗಟ್ಟಲೇಬೇಕು. ಒಳಗೆ ಉಳಿದುಕೊಂಡರೆ, ಬಂದ ಸುದ್ದಿಯೇ ಕೋಶವನ್ನು ಕೊಲ್ಲುತ್ತದೆ. ಓಬಳೇಶಪ್ಪ ಇದನ್ನು ಕನ್ನಡದಲ್ಲಿ ಹೇಳುವಾಗ ಅವನ ದನಿ ಸಣ್ಣಗಾಯಿತು. ಆಮೇಲೆ ಗಂಗಾಧರಪ್ಪ ಬೆಳಕಿನ ಮಾತಿಗೆ ಬಂದ. ಸಮುದ್ರದಲ್ಲಿ ಹೊಳೆಯುವ ಒಂದು ಜೀವಿಯಿಂದ ತೆಗೆದ ಪದಾರ್ಥ ಸುಣ್ಣ ತಗುಲಿದರೆ ಬೆಳಗುತ್ತದೆ. ಅದನ್ನು ಕೂದಲಿಗಿಂತ ಸಣ್ಣ ಸೂಜಿಯಿಂದ ಮೊಟ್ಟೆಯೊಳಗೆ ಬಿಟ್ಟು ಕತ್ತಲಲ್ಲಿ ಕಾದು ಕುಳಿತರೆ, ಗಂಡಿನ ಕಣ ಮುಟ್ಟಿದ ಜಾಗದಲ್ಲಿ ಒಂದು ಚುಕ್ಕೆ ಹೊತ್ತಿಕೊಳ್ಳುತ್ತದೆ, ಹೊತ್ತಿದ್ದು ಅಲೆಯಾಗಿ ಆ ತುದಿಯಿಂದ ಈ ತುದಿಯ ತನಕ ಹಬ್ಬಿ ಆರುತ್ತದೆ. 'ನಾನು ನೋಡಿದೆ' ಎಂದ ಓಬಳೇಶಪ್ಪ, 'ಪರದೆಯ ಮೇಲೆ ಆ ಬೆಳಕು ಹರಡುವುದನ್ನು ನಾನು ಕಣ್ಣಾರೆ ನೋಡಿದೆ. ಹೊರಗೆ ಬಂದು ಬಹಳ ಹೊತ್ತು ಯಾರ ಹತ್ತಿರವೂ ಮಾತಾಡಲಿಲ್ಲ.' ಹೊರಗೆ ಬಂದು ಎನ್ನುವುದನ್ನು ಗಂಗಾಧರಪ್ಪ ಹೇಳಿದ್ದನೋ ತಾನೇ ಸೇರಿಸಿದೆನೋ ಅವನಿಗೇ ತಿಳಿಯಲಿಲ್ಲ. ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿ ಕುಳಿತಿದ್ದರು. ಹೊಟ್ಟೆಯ ಉರಿ ಎಲ್ಲಿ ಹೋಗಿತ್ತೋ. ಅಷ್ಟು ಹೊತ್ತು ಅವನು ಯಾರ ಶತ್ರುವೂ ಆಗಿರಲಿಲ್ಲ.

ಗಂಗಾಧರಪ್ಪ ಕಾಗದಗಳನ್ನು ಮಡಿಸಿದ. ಮುಗಿಯಿತು ಎನ್ನುವಾಗ ಇವನ ಕಡೆ ತಿರುಗಿ, ಇಂಗ್ಲಿಷಿನಲ್ಲೇ, ನಿಧಾನವಾಗಿ ಹೇಳಿದ. ಈ ಪ್ರಶ್ನೆ ನನ್ನದಲ್ಲ. ಓದುವ ದಿನಗಳಲ್ಲಿ ರಾಮಗಿರಿಯ ಸ್ಟೇಷನ್ನಿನಲ್ಲಿ ಗೆಳೆಯನೊಬ್ಬ, ಸುಣ್ಣ ಗಾರೆ ಕೆಲಸಕ್ಕೆ ಬಂದದ್ದಲ್ಲ, ಸುದ್ದಿ ಹೇಳಲು ಬಂದದ್ದು ಎಂದ. ನಾನು ಇವತ್ತಿನವರೆಗೆ ಮಾಡಿದ್ದೆಲ್ಲ ಅವನ ಮಾತಿಗೆ ಉತ್ತರ. ಅವನು ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಾನೆ. ಇಷ್ಟು ಹೇಳಿ ಕಾದ. ಓಬಳೇಶಪ್ಪ ಹೆಂಗಸರ ಬೆಂಚಿನ ಕಡೆ ನೋಡಿದ. ಇಷ್ಟು ವರ್ಷ ಕಾದಿದ್ದ ಮಾತು ಬಂದಿದೆ, ಆದರೆ ಅದು ಹೆಂಡತಿಯ ಕಿವಿಗೆ ಮುಟ್ಟಬೇಕಾದರೆ ತನ್ನ ಬಾಯಿಂದಲೇ ಮುಟ್ಟಬೇಕು. ಮೈಕಿಗೆ ಇನ್ನಷ್ಟು ಹತ್ತಿರ ಸರಿದ. 'ಈ ಪ್ರಶ್ನೆ ನನ್ನದಲ್ಲ' ಎಂದ, 'ಇದನ್ನು ಮೊದಲು ಕೇಳಿದವನು ನನ್ನ ಗೆಳೆಯ ಓಬಳೇಶಪ್ಪ. ರಾಮಗಿರಿ ಸ್ಟೇಷನ್ನಿನಲ್ಲಿ ಕೂತು ಕೇಳಿದ. ನಾನು ಇವತ್ತಿನವರೆಗೆ ಮಾಡಿದ ಕೆಲಸವೆಲ್ಲ ಅವನ ಒಂದು ಮಾತಿಗೆ ಉತ್ತರ.' ಆಮೇಲೆ ಹಿಂದಿನ ಬೆಂಚಿನಿಂದ ಯಾವನೋ, ಸಾರ್‌ಗೆ ಒಂದು ಕಪ್ಪೆ ಕೊಡಿಸ್ರಿ ಎಂದು ಕೂಗಿದ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಇಂಗ್ಲಿಷು ತಿಳಿದ ನಾಲ್ಕು ಜನ ಅಧ್ಯಾಪಕರು ಚಪ್ಪಾಳೆ ತಟ್ಟಿದರು, ಆ ಚಪ್ಪಾಳೆಯೂ ನಗೆಯ ಜೊತೆ ಸೇರಿ ತಮಾಷೆಗೆ ತಟ್ಟಿದ್ದಾಗಿಹೋಯಿತು. ಓಬಳೇಶಪ್ಪ ಗಂಗಾಧರಪ್ಪನ ಮುಖ ನೋಡಿದ. ನಗಬೇಡಿ, ನಿಜ ಎಂದು ಅವನು ಕನ್ನಡದಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅದಕ್ಕೇನು ವಿಜ್ಞಾನದ ಶಬ್ದ ಬೇಕಿರಲಿಲ್ಲ. ಅವನು ಹುಡುಗರ ಜೊತೆ ತಾನೂ ಹಲ್ಲು ಕಾಣುವಷ್ಟು ನಕ್ಕು ಪೆನ್ನಿನ ಮುಚ್ಚಳ ಹಾಕಿಕೊಂಡ.

ಯಾಕೆ ಆ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ? ಮನೆಯ ದಾರಿಯುದ್ದಕ್ಕೂ ಓಬಳೇಶಪ್ಪ ಇದನ್ನೇ ತಿರುವಿ ಹಾಕಿದ. ಅಭ್ಯಾಸದಿಂದ ಇಂಗ್ಲಿಷು ಬಂದಿರಬಹುದು. ಗೆಳೆಯನ ಬಾಯಿಂದಲೇ ಅದು ಬರಲಿ ಎಂಬ ಪ್ರೀತಿಯೂ ಇರಬಹುದು. ಅಥವಾ ಮುಳ್ಳುಹಂದಿಯ ತಮಾಷೆಗೆ ಸೇಡು ತೀರಿಸಿಕೊಂಡನೇ? ಬಲಗೈಯಿಂದ ಕೊಟ್ಟು ಎಡಗೈಯಿಂದ ಕಿತ್ತುಕೊಳ್ಳುವವನು ಹೀಗೇ ಕೊಡುತ್ತಾನೆ. ಛೆ, ಇದು ಹೊಟ್ಟೆಕಿಚ್ಚು ಆಡಿಸುವ ಮಾತು ಎಂದುಕೊಂಡರೂ ಯೋಚನೆ ಅಲ್ಲಿಂದ ಕದಲಲಿಲ್ಲ. ಗಂಗಾಧರಪ್ಪ ಪೇಟೆಯಲ್ಲಿ ನೆಂಟರೊಬ್ಬರನ್ನು ಕಂಡು ಜೀಪಿನಲ್ಲಿ ಊಟದ ಹೊತ್ತಿಗೆ ಬರುತ್ತೇನೆಂದು ಹೋಗಿದ್ದ. ಸರ್ವಮಂಗಳ ಪಕ್ಕದಲ್ಲಿ ಸೀರೆ ಧೂಳಾಗದಂತೆ ಎತ್ತಿ ಹಿಡಿದು ನಡೆಯುತ್ತಿದ್ದಳು. ಊರಿನ ಹಳೆಯ ಕೋಟೆಬಾಗಿಲಾದ ರಂಗಯ್ಯನ ಬಾಗಿಲ ಹತ್ತಿರ ಎತ್ತಿನ ಗಾಡಿಯೊಂದು ಅಡ್ಡ ಬಂದು ಇಬ್ಬರೂ ನಿಲ್ಲಬೇಕಾದಾಗ ಅವಳು, 'ಮುಳ್ಳಂದಿ ಮೊಟ್ಟೆ ಅಂದ್ರಿ, ನಕ್ಕೆ. ಕಪ್ಪೆ ಕೊಡಿಸ್ರಿ ಅಂದ್ರಿ, ನಕ್ಕೆ. ಕೊನೀಗೆ ಅದನ್ಯಾಕ್ರಿ ಸೇರಿಸಿದ್ರಿ? ಪಾಪ, ಅವ್ರು ಪಕ್ಕದಾಗೇ ನಿಂತಿದ್ರು' ಎಂದಳು. ಅದು ಅವನೇ ಹೇಳಿದ್ದು, ತಾನು ಒಂದು ಅಕ್ಷರವನ್ನೂ ಸೇರಿಸಲಿಲ್ಲ ಎಂದು ಓಬಳೇಶಪ್ಪ ಹೇಳಿದ. ಹೇಳುವಾಗ ದನಿ ಏರಿ, ಗಾಡಿಯವನು ತಿರುಗಿ ನೋಡಿದ. ಸರ್ವಮಂಗಳ, ಆಯ್ತು ಬಿಡ್ರಿ ಎಂದಳು. ಜ್ವರ ಬಂದ ಮಗುವಿಗೆ ಹೇಳುವ ದನಿ. ಅವಳು ಸುಳ್ಳ ಎಂದು ಬೈದಿದ್ದರೆ ಜಗಳವಾಡಬಹುದಿತ್ತು. ಈ ದನಿಯೊಡನೆ ಜಗಳವಾಡುವುದು ಹೇಗೆ?

ಆದರೆ ಊಟ ಇತ್ತಲ್ಲ. ಮನೆಯಲ್ಲಿ ಮೈಕಿಲ್ಲ, ಹುಡುಗರಿಲ್ಲ, ಇಂಗ್ಲಿಷಿಗೆ ಕೆಲಸವೇ ಇಲ್ಲ. ಗಂಗಾಧರಪ್ಪ ಕಾಲು ತೊಳೆದು ಮಣೆಯ ಮೇಲೆ ಚಕ್ಕಳಮಕ್ಕಳ ಕುಳಿತು ಬದನೆಕಾಯಿ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡ, ಅವ್ವನ ಕೈಯಡುಗೆ ಇದ್ದಂಗೈತೆ ಎಂದ. ಸರ್ವಮಂಗಳಳ ಮುಖ ಅರಳಿತು. ಈ ಮನೆಯಲ್ಲಿ ಆ ಪಲ್ಯ ಎಷ್ಟು ಸಲ ಆಗಿದೆ, ತಾನು ಎಂದಾದರೂ ಹಾಗೆ ಅಂದಿದ್ದೇನೆಯೇ ಎಂದು ಓಬಳೇಶಪ್ಪ ನೆನೆಸಿಕೊಳ್ಳಲು ನೋಡಿದ. ಈಗ ಅಂದರೆ ಅವನನ್ನು ನೋಡಿ ಅಂದಂತಾಗುತ್ತದೆ. ಗಂಗಾಧರಪ್ಪ ತಾಳ್ಯದಲ್ಲಿ ಮನೆಯವರು ಮಾರಿದ ಕುರಿಗಳ ಮಾತು, ಮುಂಬಯಿಯಲ್ಲಿ ರಾಗಿಹಿಟ್ಟು ಸಿಕ್ಕದ ಮಾತು ಆಡಿದ. ಸ್ಟೇಷನ್ನಿನ ಮಾತು ಮಾತ್ರ ಆಡಲಿಲ್ಲ. ಓಬಳೇಶಪ್ಪ ತಾನೇ ಅಲ್ಲಿಗೆ ಎಳೆಯೋಣವೆಂದು, ರಾಮಗಿರಿ ಗುಡ್ಡದ ಮೇಲೆ ಈಗ ಮೆಟ್ಟಿಲು ಮಾಡಿದ್ದಾರೆ ಎಂದ. ಹೌದೇ ಎಂದು ಗಂಗಾಧರಪ್ಪ ಸಾರಿಗೆ ಕೈ ಹಾಕಿದ.

ಹೋಳಿಗೆ ಬಡಿಸಿದ ಮೇಲೆ ಸರ್ವಮಂಗಳ ತುಪ್ಪದ ಗಿಂಡಿ ಹಿಡಿದುಕೊಂಡು ಗೋಡೆಗೊರಗಿ ನಿಂತಳು. ಒಳಗೆ ಹೋಗಲಿಲ್ಲ. 'ಅಣ್ಣಾರೆ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕಬ್ಯಾಡ್ರಿ' ಎಂದಳು. 'ಆ ಪ್ರಶ್ನೆ ಇವ್ರದೇ ಅಂತ ಕೊನೀಗೆ ಹೇಳಿದ್ರಲ್ಲ, ಅದು ನಿಮ್ಮ ಮಾತೋ, ಇವ್ರ ಮಾತೋ?'

ಓಬಳೇಶಪ್ಪ ತಲೆಯೆತ್ತಿ ಅವಳನ್ನು ನೋಡಿದ. ಅವಳು ಉಸಿರು ಬಿಗಿಹಿಡಿದಿದ್ದಳು. ಅದು ನಿಜವಾಗಿರಲಿ ಎಂದು ಅವಳಿಗೂ ಇದೆ, ಇಷ್ಟು ವರ್ಷವೂ ಇತ್ತೇನೋ. ಆದರೆ ಅವಳ ಕಣ್ಣು ಇದ್ದದ್ದು ಗಂಗಾಧರಪ್ಪನ ಮುಖದ ಮೇಲೆ. ಗಂಗಾಧರಪ್ಪ ಬೆರಳುಗಳನ್ನು ಎಲೆಯ ಅಂಚಿಗೆ ಒರೆಸಿಕೊಂಡು, ನೋಡಮ್ಮ ಎಂದು ಶುರುಮಾಡಿದ. ಮುಂದಿನದೆಲ್ಲ ಓಬಳೇಶಪ್ಪನಿಗೆ ಕಂಡುಬಿಟ್ಟಿತು. ಹೌದು ಎನ್ನುತ್ತಾನೆ. ಚೆನ್ನಾಗಿ ಹೇಳುತ್ತಾನೆ, ಕನ್ನಡದಲ್ಲೇ ಹೇಳುತ್ತಾನೆ. ಅವಳ ಕಣ್ಣುಗಳು ತುಂಬಿಕೊಳ್ಳುತ್ತವೆ, ಅದು ಗಂಡ ಆ ಪ್ರಶ್ನೆ ಕೇಳಿದ್ದನೆಂದಲ್ಲ, ಅಷ್ಟು ಎತ್ತರಕ್ಕೆ ಹೋದವನು ಇಷ್ಟು ಕೆಳಗಿರುವವನ ಹೆಸರು ಮರೆಯಲಿಲ್ಲವಲ್ಲ ಎಂದು. ಎಂಥ ದೊಡ್ಡ ಮನಸ್ಸು ರೀ ಅವರದು ಎಂದು ಸಾಯುವ ತನಕ ಹೇಳುತ್ತಿರುತ್ತಾಳೆ. ತನ್ನದೇ ಪ್ರಶ್ನೆ ತನ್ನ ಮನೆಗೆ ಅವನ ಕೈಯ ಭಿಕ್ಷೆಯಾಗಿ ಬಂದು ಬೀಳುತ್ತದೆ, ಅವನು ಇನ್ನೊಂದು ಮೊಳ ಎತ್ತರವಾಗಿ ಇಲ್ಲಿಂದ ಎದ್ದು ಹೋಗುತ್ತಾನೆ.

'ನನ್ನ ಮಾತೇ ಕಣೆ' ಎಂದ ಓಬಳೇಶಪ್ಪ. 'ಜನ ನಗ್ಲಿ ಅಂತ ಸೇರಿಸ್ದೆ.'

ಗಂಗಾಧರಪ್ಪನ ಕೈ ಎಲೆಯ ಮೇಲೆ ನಿಂತಿತು. ಅವನು ಇವನನ್ನೇ ನೋಡಿದ, ಸಭೆಯಲ್ಲಿ ಕಾದಂತೆಯೇ ಕಾದು ನೋಡಿದ. ಇನ್ನೂ ಹೊತ್ತು ಮೀರಿರಲಿಲ್ಲ. ಇಲ್ಲ ಅನ್ನು, ಇವನು ಸುಳ್ಳು ಹೇಳುತ್ತಿದ್ದಾನೆ ಅನ್ನು ಎಂದು ಓಬಳೇಶಪ್ಪನ ಮೈಯೆಲ್ಲ ಬೇಡಿಕೊಳ್ಳುತ್ತಿತ್ತು. ಗಂಗಾಧರಪ್ಪ ಕಣ್ಣು ಇಳಿಸಿ ಹೋಳಿಗೆಯ ಒಂದು ಅಂಚು ಮುರಿದ.

'ಇವ್ನು ಮೊದ್ಲಿಂದ್ಲೂ ಹಂಗೇ ಕಣಮ್ಮ' ಎಂದ.

ಸರ್ವಮಂಗಳ ಬಿಗಿಹಿಡಿದಿದ್ದ ಉಸಿರು ಬಿಟ್ಟಳು. ಅತಿಥಿಯ ಹೋಳಿಗೆಗೆ ತುಪ್ಪ ಬಡಿಸಿ, ಗಂಡನ ಎಲೆಯ ಕಡೆ ನೋಡದೆ ಒಳಗೆ ಹೋದಳು.